ಹುಷಾರಾದ ಸುದ್ದಿ

ನನ್ನ ಕೆಲಸ ಫೋನ್ ಮಾಡುವುದು. ನರ್ಸ್ ಆಗಿ ಮೂವತ್ತು ವರ್ಷ ವಾರ್ಡುಗಳಲ್ಲಿ ಓಡಾಡಿ ಮಂಡಿ ಎರಡೂ ಕೈಕೊಟ್ಟ ಮೇಲೆ ತುಮಕೂರಿನ ಒಂದು ಹೃದಯದ ಕ್ಲಿನಿಕ್ಕಿನಲ್ಲಿ ನನಗೊಂದು ಕುರ್ಚಿ ಹಾಕಿ ಕೂರಿಸಿದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ವಾಲ್ವ್ ಹಾಕಿಸಿಕೊಂಡು ಬಂದ ನಮ್ಮ ಜಿಲ್ಲೆಯವರಿಗೆ ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ, ವರ್ಷ ತುಂಬಿದಾಗೊಮ್ಮೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಬೇಕು. ಹೇಳಿದ್ದನ್ನು ಫಾರಂನಲ್ಲಿ ತುಂಬಿ ಬೆಂಗಳೂರಿಗೆ ಕಳಿಸಬೇಕು. ಶೆಟ್ಟಿಹಳ್ಳಿಯ ನನ್ನ ಪಕ್ಕದ ಮನೆಯಾಕೆ ಇದನ್ನು ಕೇಳಿ, ಕೂತು ಮಾತಾಡುವುದಕ್ಕೂ ಸಂಬಳ ಕೊಡುತ್ತಾರಾ ಎಂದಳು. ಅವಳು ಒಂದು ವಾರ ಬಂದು ಕೂರಲಿ, ಆಮೇಲೆ ಮಾತಾಡೋಣ.

ವಾಲ್ವ್ ಎಂದರೆ ಹೃದಯದಿಂದ ರಕ್ತ ಮೈಗೆಲ್ಲ ಹೊರಡುವ ಕಡೆ ಇರುವ ಬಾಗಿಲು. ವಯಸ್ಸಾದ ಕೆಲವರಲ್ಲಿ ಅದಕ್ಕೆ ಸುಣ್ಣ ಕಟ್ಟುತ್ತದೆ, ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಗೆ ಕಟ್ಟುವ ಹಾಗೆ. ಬಾಗಿಲು ಪೂರ್ತಿ ತೆರೆಯುವುದಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಸಿಕ್ಕುವುದಿಲ್ಲ, ತಲೆ ಸುತ್ತಿ ಬೀಳುತ್ತಾರೆ, ಹಾಗೇ ಬಿಟ್ಟರೆ ಹೆಚ್ಚು ಕಾಲ ಉಳಿಯುವುದೂ ಇಲ್ಲ. ಮೊದಲೆಲ್ಲ ಎದೆ ಸೀಳಿ ಬದಲಾಯಿಸುತ್ತಿದ್ದರು, ತೀರಾ ವಯಸ್ಸಾದವರನ್ನು ಮುಟ್ಟಲು ಹೆದರುತ್ತಿದ್ದರು. ಈಗ ತೊಡೆಸಂದಿಯ ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಮಡಚಿದ ಹೊಸ ವಾಲ್ವನ್ನು ಅದರಲ್ಲೇ ಮೇಲಕ್ಕೆ ಒಯ್ದು, ಹಳೆಯದರ ಒಳಗೇ ಬಿಡಿಸಿ ಕೂರಿಸುತ್ತಾರೆ. ಕೆಲವೇ ದಿನಕ್ಕೆ ಮನೆಗೆ ಕಳಿಸುತ್ತಾರೆ. ಎಷ್ಟು ಸಲ ಕಂಡರೂ ನನಗೆ ಅದು ಬೆರಗೇ. ಆದರೆ ಬೆರಗಿನ ಭಾಗ ಬೆಂಗಳೂರಿನವರದು, ಆಮೇಲೆ ಏನಾಯಿತು ಎನ್ನುವುದು ಮಾತ್ರ ನನ್ನ ಪಾಲಿನದು.

ಫಾರಂನಲ್ಲಿ ನಾಲ್ಕು ದರ್ಜೆಗಳಿವೆ. ಒಂದು ಎಂದರೆ ಏನೂ ತೊಂದರೆಯಿಲ್ಲ, ನಾಲ್ಕು ಎಂದರೆ ಕೂತಲ್ಲೇ ಏದುಸಿರು. ಇದನ್ನು ಮಾಡಿದವರು ಯಾವ ದೇಶದವರೋ, ನಮ್ಮ ಗುಬ್ಬಿ ಕಡೆಯವರನ್ನಂತೂ ಮಾತಾಡಿಸಿದವರಲ್ಲ. ನಮ್ಮಲ್ಲಿ ಚೆನ್ನಾಗಿದ್ದೇನೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ದೃಷ್ಟಿಯಾಗುತ್ತದೆ. "ಏನೋ ಹಿಂಗೇ ಇದೀವಿ ಕಣವ್ವ" ಎನ್ನುತ್ತಾರೆ. ಅದು ಒಂದೋ, ಎರಡೋ, ಮೂರೋ? ಮೊದಮೊದಲು ಎಲ್ಲರಿಗೂ ಎರಡು ಎಂದು ಬರೆದು ಕಳಿಸಿ ಬೆಂಗಳೂರಿನಿಂದ ಬೈಸಿಕೊಂಡೆ. ಆಮೇಲೆ ಹೇಗಿದ್ದೀರಿ ಎಂದು ಕೇಳುವುದನ್ನೇ ಬಿಟ್ಟೆ. ಡೈರಿಗೆ ಹಾಲು ಯಾರು ಹಾಕುತ್ತಾರೆ, ಮಲಗುವಾಗ ತಲೆಗೆ ಎಷ್ಟು ದಿಂಬು, ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತದಾ, ಬಸ್‌ಸ್ಟಾಪಿಗೆ ಹೋಗುವಾಗ ಮಧ್ಯದಲ್ಲಿ ಎಲ್ಲಿ ಕೂರುತ್ತೀರಿ ಎಂದು ಕೇಳತೊಡಗಿದೆ. ಕುಣಿಗಲ್ಲಿನ ಒಬ್ಬ ರಿಟೈರ್ಡ್ ಮೇಷ್ಟ್ರು ಮಾತ್ರ "ನೂರಕ್ಕೆ ಎಂಬತ್ತೈದು ಹಾಕ್ಕೊಳಿ ಸಿಸ್ಟರ್, ಮಿಕ್ಕಿದ್ದು ವಯಸ್ಸಿಗೆ ಹೋಯ್ತು" ಎಂದು ತಾವೇ ಲೆಕ್ಕ ಕೊಟ್ಟರು. ಅಂಥ ಪುಣ್ಯಾತ್ಮರು ಎಲ್ಲೋ ಒಬ್ಬರು.

ಬಹಳ ಜನ ಚೆನ್ನಾಗಿಯೇ ಇರುತ್ತಾರೆ. ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ, ಯಾರಿಗೋ ಸ್ಟ್ರೋಕ್ ಹೊಡೆಯುತ್ತದೆ. ಒಮ್ಮೊಮ್ಮೆ ಫೋನ್ ಎತ್ತಿದವರು "ಅವ್ರು ಹೋಗಿ ತಿಂಗ್ಳಾಯ್ತಲ್ಲ" ಎನ್ನುತ್ತಾರೆ. ಅದಕ್ಕೂ ಒಂದು ಕಾಲಂ ಇದೆ. ಅದನ್ನು ತುಂಬಿ, ಮುಂದಿನ ನಂಬರು ಒತ್ತಿ, ಅದೇ ದನಿಯಲ್ಲಿ ನಮಸ್ಕಾರ ಎನ್ನಬೇಕು. ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಯಾರಾದರೂ ಮಾತಾಡಿಸಿದರೆ ನನಗೆ ಸಿಟ್ಟು ಬರುತ್ತದೆ.

ಕಡಬದ ಅಜ್ಜಿಯ ಫೈಲು ಬಂದಾಗ ಅದರಲ್ಲಿ ವಿಶೇಷವೇನೂ ಇರಲಿಲ್ಲ. ವಯಸ್ಸು ಎಪ್ಪತ್ತಾರು, ವಾಲ್ವ್ ಚೆನ್ನಾಗಿ ಕೂತಿದೆ, ಸೋರಿಕೆ ಇಲ್ಲ. ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅಳಿಯ. ಕುಣಿಗಲ್ಲಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವವರು. ಆಸ್ಪತ್ರೆಗೆ ಸೇರಿಸುವಾಗ ಸಹಿ ಹಾಕಿದ್ದು ಅವರೇ. ಮಗ ಪಕ್ಕದಲ್ಲೇ ನಿಂತಿದ್ದರೂ ಅಳಿಯನನ್ನು ಮುಂದೆ ಬಿಟ್ಟು, ಕುರ್ಚಿ ಕೊಟ್ಟು, ಪೆನ್ನು ಕೈಗಿಡುವುದು ನಮ್ಮ ಕಡೆಯ ಮರ್ಯಾದೆ.

"ಅತ್ತೆಯವ್ರು ಕಡಬದಲ್ಲವ್ರೆ ಮೇಡಂ. ನಮ್ಮನೆಯವ್ರೇ ಹೋಗಿ ನೋಡ್ಕಂತಾವ್ರೆ. ಅವ್ರ ನಂಬರ್ ಕೊಡ್ತೀನಿ ಬರ್ಕೊಳಿ" ಎಂದರು. ಮೆತ್ತಗಿನ ದನಿ. ದಿನವಿಡೀ ಗದರಿಸುವವರ ಜೊತೆ ಮಾತಾಡುವ ನನಗೆ ಎಷ್ಟು ಒಳ್ಳೆಯ ಮನುಷ್ಯ ಅನ್ನಿಸಿತು. ಹೆಂಡತಿಯ ನಂಬರನ್ನು ನನ್ನ ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. ಕಂಪ್ಯೂಟರಿನಲ್ಲಿ ಹಳೆಯದೇ ಉಳಿಯಿತು. ಫೋನ್ ಮಾಡುವವಳು ನಾನು, ನಂಬರು ನನ್ನ ಹತ್ತಿರ ಇದ್ದರೆ ಸಾಕಲ್ಲ ಎಂದುಕೊಂಡೆ.

ಮಗಳು ಫೋನ್ ಎತ್ತಿ ತಾಯಿಗೆ ಕೊಟ್ಟಳು. ನಾನು ನನ್ನ ಪ್ರಶ್ನೆಗಳನ್ನೆಲ್ಲ ಕೇಳಿದೆ. ಅಜ್ಜಿ ಒಂದಕ್ಕೂ ತಡವರಿಸಲಿಲ್ಲ. ದಿಂಬು ಮೂರು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸುಸ್ತು. ಮಗಳು ಕೈ ಹಿಡಿಯದೆ ಜಗಲಿ ಇಳಿಯುವುದಿಲ್ಲ. ಮೂರನೇ ದರ್ಜೆ ಎಂದು ಬರೆದೆ. ಒಂದು ತಿಂಗಳಿಗೆ ಹಾಗಿರುವುದು ದೊಡ್ಡ ವಿಷಯವೇನಲ್ಲ, ಕೆಲವರು ನಿಧಾನ.

ಆರು ತಿಂಗಳಿಗೆ ಕ್ಲಿನಿಕ್ಕಿಗೇ ಬಂದರು. ಮಗಳು ತೋಳು ಹಿಡಿದು ಕರೆತಂದಳು. ನಲವತ್ತೈದರ ಸುಮಾರಿನ ಹೆಂಗಸು, ತಾಯಿಯ ಮಾತ್ರೆ, ನಾಡಿ, ತೂಕ ಎಲ್ಲವನ್ನೂ ಶಾಲೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ದಿನದಿನವೂ ಬರೆದಿದ್ದಳು. ನನ್ನ ಇಷ್ಟು ವರ್ಷದಲ್ಲಿ ಅಂಥ ಪುಸ್ತಕ ಕಂಡವಳಲ್ಲ. ಎಕೋ ಮಾಡಿದರೆ ಹೃದಯ ಹೊಸದರಂತೆ ಬಡಿಯುತ್ತಿತ್ತು. ಆದರೆ ಕಾರಿಡಾರಿನಲ್ಲಿ ಆರು ನಿಮಿಷ ನಡೆಸುವ ಪರೀಕ್ಷೆಯಲ್ಲಿ ಅಜ್ಜಿ ಎರಡನೇ ಸುತ್ತಿಗೇ ಗೋಡೆ ಹಿಡಿದು ಕೂತುಬಿಟ್ಟರು. ನಮ್ಮ ಡಾಕ್ಟರು, ನನ್ನ ಮಗನ ವಯಸ್ಸಿನ ಹುಡುಗ, ತಲೆ ಕೆರೆದುಕೊಂಡರು. ಶ್ವಾಸಕೋಶ ನೋಡಿದರು, ರಕ್ತ ನೋಡಿದರು, ಥೈರಾಯ್ಡ್ ನೋಡಿದರು. ಏನೂ ಇಲ್ಲ.

ವರ್ಷ ತುಂಬಿದ ಮೇಲೆ ಫೋನ್ ಮಾಡಿದಾಗ ಅಜ್ಜಿ "ಮದ್ಲಿಗಿಂತ ಜಾಸ್ತಿನೇ ಆಗೈತೆ ಕಣವ್ವ" ಎಂದರು. ಬೆಂಗಳೂರಿನವರು ಕರೆಸಿ ಗಂಟಲೊಳಗೆ ಪೈಪ್ ಇಳಿಸಿ ಒಳಗಿಂದ ನೋಡೋಣ ಎಂದರು. ಎಪ್ಪತ್ತೇಳಕ್ಕೆ ಕಾಲಿಟ್ಟ ಜೀವಕ್ಕೆ ಅದೆಲ್ಲ ಬೇಕಾ ಎಂದು ನಮ್ಮ ಡಾಕ್ಟರಿಗೆ ಅನ್ನಿಸಿರಬೇಕು. "ಸಿಸ್ಟರ್, ನೀವೊಂದ್ಸಲ ಮನೆಗೇ ಹೋಗಿ ನೋಡ್ಕೊಂಡ್ ಬನ್ನಿ. ನಂಗ್ಯಾಕೋ ಇದು ಅರ್ಥ ಆಗ್ತಿಲ್ಲ" ಎಂದರು. ನನ್ನ ಮಂಡಿಯ ಬಗ್ಗೆ ಅವರು ಯೋಚಿಸಲಿಲ್ಲ, ನಾನೂ ಹೇಳಲಿಲ್ಲ.

ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ಕಡಬದಲ್ಲಿ ಇಳಿದಾಗ ಹನ್ನೊಂದು ಗಂಟೆ. ಮನೆ ಕೆರೆಯ ಏರಿ ದಾಟಿ ಎಂದು ಯಾರೋ ಹೇಳಿದರು. ಬಿಸಿಲಿತ್ತು. ಏರಿಯ ಹತ್ತಿರ ಬಂದಾಗ ಕೆರೆಯ ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಮೇಲೆ ಬರುತ್ತಿದ್ದಳು. ಒಗೆದ ಒದ್ದೆ ಬಟ್ಟೆಯ ಗಂಟನ್ನು ಸೊಂಟಕ್ಕೆ ಆನಿಸಿಕೊಂಡಿದ್ದಳು. ಸೆರಗು ಬಿಗಿದು ಕಟ್ಟಿದ್ದರಿಂದ ಮೊದಲು ಗುರುತು ಸಿಗಲಿಲ್ಲ. ಮೇಲೆ ಬಂದು ಗಂಟನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸುವಾಗ ಮುಖ ಕಂಡಿತು. ನಮ್ಮ ಮೂರನೇ ದರ್ಜೆಯ ಅಜ್ಜಿ.

ನಾನು ಕರೆಯಲಿಲ್ಲ. ಹಿಂದೆಯೇ ಹೋದೆ. ಈಗ ನಿಲ್ಲುತ್ತಾರೆ, ಇನ್ನು ಹತ್ತು ಹೆಜ್ಜೆಗೆ ನಿಲ್ಲುತ್ತಾರೆ ಎಂದು ನೋಡಿದೆ. ಏರಿಯ ಅರ್ಧ ಮುಗಿದರೂ ಅವರು ನಿಲ್ಲಲಿಲ್ಲ. ಏದುಸಿರು ಬಂದದ್ದು ನನಗೆ. ಕೊನೆಗೆ ಮಂಡಿ ತಡೆಯಲಾರದೆ "ಅಜ್ಜಿ" ಎಂದೆ.

ತಿರುಗಿದರು. ಬಲಗೈ ತಾನಾಗಿ ಎದೆಗೆ ಹೋಯಿತು. ನನ್ನ ಮುಖ ನೋಡಿ, ಇನ್ನು ಪ್ರಯೋಜನವಿಲ್ಲ ಎಂದು ಗೊತ್ತಾಗಿ, ಕೈ ಕೆಳಗಿಳಿಸಿದರು.

"ಎಲ್ಲಿಂದ ನೋಡ್ಕಂಡ್ ಬಂದೆ?"

"ಮೆಟ್ಟಿಲಿಂದ."

"ಹಂಗಾದ್ರೆ ಬಾ, ಕೂಕ" ಎಂದು ಏರಿಯ ಮೇಲಿನ ಕಲ್ಲು ತೋರಿಸಿದರು.

ನನಗೆ ಬಂದ ಸಿಟ್ಟು ಸಣ್ಣದಲ್ಲ. ವರ್ಷವಿಡೀ ಡಾಕ್ಟರು ತಲೆ ಕೆಡಿಸಿಕೊಂಡದ್ದು, ಅನವಶ್ಯಕ ಪರೀಕ್ಷೆಗಳು, ನಿಜವಾಗಿ ಉಸಿರು ಸಿಗದವರು ಹೊರಗೆ ಬೆಂಚಿನ ಮೇಲೆ ಕಾದದ್ದು, ಎಲ್ಲವನ್ನೂ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ಅಜ್ಜಿ ತಲೆ ತಗ್ಗಿಸಲಿಲ್ಲ, ಜಗಳಕ್ಕೂ ಬರಲಿಲ್ಲ. ನನ್ನದು ಮುಗಿಯುವ ತನಕ ಕಾದರು.

"ನೀನ್ ಹೇಳೋದೆಲ್ಲ ದಿಟ ಕಣವ್ವ. ವಾಲ್ವ್ ಹಾಕಿದ್ ನಾಕ್ ದಿನಕ್ಕೇ ನಂಗೆ ಉಸ್ರು ಸಲೀಸಾಯ್ತು. ಇಪ್ಪತ್ ವರ್ಷ ಚಿಕ್ಕೋಳಾದಂಗಾಯ್ತು. ಹೇಳಣ ಅಂತ ಬಾಯ್ ತಗ್ದೆ. ಅಷ್ಟರಲ್ಲಿ ನನ್ ಮಗಳ ಮುಖ ನೋಡ್ದೆ. ಅಲ್ಲಿಗೆ ನಿಲ್ಸ್ದೆ."

"ಯಾಕೆ, ಏನಾಗಿದೆ ಅವ್ರಿಗೆ?"

"ಅವಳ ಗಂಡ ಅವಳ ಜೊತೆ ಮಾತಾಡಲ್ಲ."

ನನಗೆ ತಿಳಿಯಲಿಲ್ಲ. ಜಗಳವಾ ಎಂದೆ.

"ಜಗಳ ಆಡಿದ್ರೆ ಮಾತಾಡ್ದಂಗಾಯ್ತಲ್ಲ. ಹೊಡೆಯಲ್ಲ, ಬಡಿಯಲ್ಲ, ಕುಡಿಯಲ್ಲ. ಮಕ್ಳಾಗ್ಲಿಲ್ಲ ಅಂತ ಒಂದಿನ ಮಾತು ಬಿಟ್ಟ. ಇಪ್ಪತ್ ವರ್ಷದ ಮೇಲಾಯ್ತು. ಅವರಮ್ಮ ಇರೋಗಂಟ ಅವರಮ್ಮನ ಕೈಲಿ ಹೇಳ್ಸೋನು. ಅವಮ್ಮ ಹೋದ್ಮೇಲೆ ಗೋಡೆಗೆ ಹೇಳ್ತಾನೆ. ಇವ್ಳು ಎದುರಿಗೇ ನಿಂತಿರ್ತಾಳೆ, 'ಊಟಕ್ಕೆ ಇಕ್ಕೋರು ಯಾರೂ ಇಲ್ವಾ ಈ ಮನೇಲಿ' ಅಂತಾನೆ. ಊರೋರ ಜೊತೆ ಕೇಳು, ಬೆಣ್ಣೆಯಂಗೆ ಮಾತಾಡ್ತಾನೆ."

ಆ ಮೆತ್ತಗಿನ ದನಿ ನನಗೆ ನೆನಪಾಯಿತು. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡದ್ದೂ ನೆನಪಾಗಿ ನಾಚಿಕೆಯಾಯಿತು.

"ಬಿಟ್ಟು ಬಂದ್ಬಿಡ್ಬೋದಲ್ಲ ಅಜ್ಜಿ."

"ಏನಂತ ಹೇಳ್ಕಂಡ್ ಬತ್ತಾಳೆ? ಮಾತಾಡಲ್ಲ ಅಂತ ಯಾರಾದ್ರೂ ಗಂಡನ್ನ ಬಿಡ್ತಾರಾ ಅಂತಾರೆ. ನನ್ ಮಗಂಗೂ ಇಬ್ರು ಹೆಣ್ಮಕ್ಳು ಮದುವೆಗವ್ರೆ. ಅತ್ತೆ ಯಾಕ್ ತವರಲ್ಲಿ ಕೂತವ್ಳೆ ಅಂತ ಬಂದೋರು ಕೇಳಲ್ವಾ? ಅದೇ ತಾಯಿಗೆ ಉಷಾರಿಲ್ಲ ಅನ್ನು, ಒಬ್ರೂ ಕೇಳಲ್ಲ. ಪಾಪ, ಎಷ್ಟು ಚೆನ್ನಾಗಿ ನೋಡ್ಕಂತಾಳೆ ಅಂತಾರೆ. ಗಂಡನೂ ಒಳ್ಳೆ ಹೆಸರು ತಗಂತಾನೆ, ಅತ್ತೆಗೋಸ್ಕರ ಹೆಂಡ್ತಿ ಕಳಿಸವ್ನೆ ಅಂತ."

"ಮಗಳಿಗೆ ಗೊತ್ತಾ, ನೀವು ಹುಷಾರಾಗಿರೋದು?"

"ಗೊತ್ತಾದ್ರೆ ನಾಳೇನೇ ಹೊಂಟ್ ಬುಡ್ತಾಳೆ. ಅಣ್ಣನ ಮನೇಲಿ ಸುಮ್ನೆ ಕೂತು ತಿನ್ನೋಳಲ್ಲ ಅವ್ಳು. ಇವತ್ತು ನನ್ ಮಾತ್ರೆ ತರಕ್ಕೆ ಗುಬ್ಬಿಗ್ ಹೋಗವ್ಳೆ. ಅವ್ಳು ಹೋದಾಗ ನಾನ್ ಇಂಗ್ ಬತ್ತೀನಿ. ಎಷ್ಟೊತ್ತು ಅಂತ ಮಲಗಿರಾದು? ಮಲಗೀ ಮಲಗೀ ಬೆನ್ನು ನೋವು ಬಂದೈತೆ."

ಬಟ್ಟೆಯ ಗಂಟಿನಿಂದ ನೀರು ಇಳಿದು ಕಲ್ಲು ಒದ್ದೆಯಾಗುತ್ತಿತ್ತು. ವಾಲ್ವ್ ಹಾಕಿಸಿಕೊಂಡು ಇಪ್ಪತ್ತು ವರ್ಷ ಚಿಕ್ಕವಳಾದ ಹೆಂಗಸು ವರ್ಷವಿಡೀ ಮೂರು ದಿಂಬಿಗೆ ಒರಗಿ ಸೂರು ನೋಡುತ್ತ ಬಿದ್ದಿದ್ದಾಳೆ. ನನಗೆ ಸಿಟ್ಟು ಇಳಿದು ಬರೀ ಸುಸ್ತು ಉಳಿಯಿತು.

"ನಾನು ಸುಳ್ಳು ಬರೆಯಲ್ಲ ಅಜ್ಜಿ. ಇಷ್ಟು ವರ್ಷದಲ್ಲಿ ಬರ್ದಿಲ್ಲ."

"ಬರೀಬ್ಯಾಡ. ಸುಮ್ಕಿರು."

"ಸುಮ್ನಿದ್ರೆ ನಿಮ್ಮನ್ನ ಬೆಂಗಳೂರಿಗೆ ಕರ್ಸಿ ಗಂಟಲೊಳಕ್ಕೆ ಪೈಪ್ ಇಳಿಸ್ತಾರೆ."

"ಇಳಿಸ್ಲಿ ಬುಡು. ಅವ್ಳೂ ಜೊತೇಲಿ ಬತ್ತಾಳಲ್ಲ."

ಕೊನೆಗೆ ನನಗೆ ಬಹಳ ಜಾಣತನದ್ದು ಅನ್ನಿಸಿದ ದಾರಿ ಹೊಳೆಯಿತು. ಫಾರಂ ಹೋಗುವುದು ಬೆಂಗಳೂರಿಗೆ. ಅದನ್ನು ಓದುವವರು ಡಾಕ್ಟರುಗಳು. ಅವರಿಗೆ ನಿಜ ತಿಳಿದರೆ ಪೈಪೂ ಇಲ್ಲ, ಪರೀಕ್ಷೆಯೂ ಇಲ್ಲ. ಮನೆಯಲ್ಲಿ ಅಜ್ಜಿ ಹೇಗಾದರೂ ಇರಲಿ, ಮೂರು ದಿಂಬಲ್ಲ, ಆರು ದಿಂಬು ಹಾಕಿಕೊಳ್ಳಲಿ, ಅದು ನನ್ನ ಕಾಲಂ ಅಲ್ಲ. ಹಾಗೆಂದು ಅಜ್ಜಿಗೆ ಬಿಡಿಸಿ ಹೇಳಿದೆ.

"ಮನೇಲಿ ಯಾರಿಗೂ ತಿಳಿಯಾಕಿಲ್ವಾ?"

"ಯಾರಿಗೂ ತಿಳಿಯಲ್ಲ. ನನ್ನ ಮಾತು."

"ನಿನ್ ಮಾತು" ಎಂದು ಅಜ್ಜಿ ನನ್ನ ಕೈ ಹಿಡಿದುಕೊಂಡರು. ಒದ್ದೆ ಕೈ, ಸೋಪಿನ ವಾಸನೆ.

ಮನೆಗೆ ಹೋದೆವು. ಮಗ ಅಂತರಸನಹಳ್ಳಿಯ ಫ್ಯಾಕ್ಟರಿಗೆ, ಸೊಸೆ ಗಾರ್ಮೆಂಟ್ಸಿಗೆ ಹೋಗಿದ್ದರು. ಅಜ್ಜಿ ಬಟ್ಟೆ ಹರವಿ, ಸೀರೆ ಬದಲಾಯಿಸಿ, ಹೋಗಿ ಮಂಚದ ಮೇಲೆ ಮಲಗಿದರು. ಸ್ವಲ್ಪ ಹೊತ್ತಿಗೆ ಮಗಳು ಬಂದಳು. ನನ್ನನ್ನು ನೋಡಿ ಗಾಬರಿಯಾಗಿ "ಏನಾಯ್ತು ಮೇಡಂ, ರಿಪೋರ್ಟ್ ಕೆಟ್ಟದಾಗಿ ಬಂತಾ" ಎಂದಳು. ಇಲ್ಲ, ಸುಮ್ಮನೆ ನೋಡಲು ಬಂದೆ ಎಂದೆ. ಹಗ್ಗದ ಮೇಲಿನ ಬಟ್ಟೆ ನೋಡಿ ಇದ್ಯಾರು ಒಗೆದರು ಎಂದು ಕೇಳಿದಳು. ನಿಮ್ಮತ್ತಿಗೆ ಬೆಳಿಗ್ಗೆಯೇ ಒಗೆದು ಹೋದಳು ಎಂದು ಅಜ್ಜಿ ಮಲಗಿದಲ್ಲಿಂದಲೇ ಹೇಳಿ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಮಗಳು ಮುದ್ದೆ ಮಾಡಿ, ಹುರುಳಿಕಾಳಿನ ಸಾರು ಬಿಸಿ ಮಾಡಿ ನನಗೂ ಇಟ್ಟಳು. ಆಮೇಲೆ ತನ್ನ ತಟ್ಟೆ ತಂದು ತಾಯಿಯ ಮಂಚದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು. ಗುಬ್ಬಿ ಬಸ್ಸಿನಲ್ಲಿ ಕಂಡಕ್ಟರಿಗೂ ಒಬ್ಬ ಮುದುಕನಿಗೂ ಕೋಳಿಯ ಟಿಕೆಟ್ಟಿನ ಬಗ್ಗೆ ಆದ ವಾದವನ್ನು ಇಬ್ಬರ ದನಿಯಲ್ಲೂ ಮಾಡಿ ತೋರಿಸಿದಳು. ತಾಯಿ ನಕ್ಕರೆ ಉಸಿರು ಕಟ್ಟುತ್ತದೆ ಎಂದು ತಾನೇ ಗದರಿ, ಮತ್ತೆ ತಾನೇ ನಗಿಸಿದಳು. ಊಟ ಮುಗಿದರೂ ಕೈ ಒಣಗುವ ತನಕ ಮಾತಾಡುತ್ತಲೇ ಇದ್ದಳು. ಇಷ್ಟು ಮಾತಿರುವ ಹೆಂಗಸು ಇಪ್ಪತ್ತು ವರ್ಷ ಎಲ್ಲಿಟ್ಟಿದ್ದಳೋ ಅದನ್ನೆಲ್ಲ.

ಮರುದಿನ ಕ್ಲಿನಿಕ್ಕಿನಲ್ಲಿ, ಇನ್ನೂ ಮುಗಿಸದೆ ಇಟ್ಟಿದ್ದ ವರ್ಷದ ಫಾರಂ ತೆಗೆದು ಒಂದನೇ ದರ್ಜೆ ಎಂದು ತುಂಬಿದೆ. ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ "ಸದ್ಯ" ಎಂದರು. ಬೆಂಗಳೂರಿನವರು ಪೈಪಿನ ಪರೀಕ್ಷೆ ರದ್ದು ಮಾಡಿದರು. ಯಾರಿಗೂ ಕೆಟ್ಟದಾಗದ ಹಾಗೆ ಒಂದು ಕೆಲಸ ಮುಗಿಸಿದೆ ಎಂದು ನಾನು ಎರಡು ವಾರ ಸಮಾಧಾನದಿಂದ ಇದ್ದೆ.

ಆಮೇಲೊಂದು ದಿನ ಕುಣಿಗಲ್ಲಿನಿಂದ ಫೋನ್ ಬಂತು. ಅಳಿಯ.

"ಮೇಡಂ, ಬೆಂಗಳೂರಿಂದ ಮೆಸೇಜ್ ಬಂತು. ಒಂದ್ ವರ್ಷದ ಚೆಕಪ್ ಮುಗೀತು, ನಿಮ್ಮ ಪೇಶೆಂಟ್ ಪೂರ್ತಿ ಚೇತರಿಸ್ಕೊಂಡವ್ರೆ, ಇನ್ನು ಎಲ್ಲಾ ಕೆಲ್ಸ ಮಾಡ್ಕೋಬೋದು ಅಂತ. ಬಾಳ ಉಪಕಾರ ಆಯ್ತು ನಿಮ್ಮಿಂದ. ನಾಳೆ ದಿನ ಚೆನ್ನಾಗೈತೆ, ಹೋಗಿ ನಮ್ಮನೆಯವ್ರನ್ನ ಕರ್ಕೊಂಡ್ ಬರ್ತೀನಿ."

ವರ್ಷದ ಫಾರಂ ಮುಗಿದ ಮೇಲೆ ಆಸ್ಪತ್ರೆಯ ಕಂಪ್ಯೂಟರು ತಾನಾಗಿ ಮನೆಯವರಿಗೆ ಒಂದು ಮೆಸೇಜ್ ಕಳಿಸುತ್ತದೆ. ನನಗೆ ಅದು ಗೊತ್ತಿಲ್ಲದ್ದೇನಲ್ಲ. ಎಷ್ಟೋ ಮನೆಯವರು ಅದನ್ನು ಓದಿ ನನಗೆ ಥ್ಯಾಂಕ್ಸ್ ಹೇಳಿದ್ದಾರೆ. ಅಜ್ಜಿಯ ಕೈ ಹಿಡಿದು ಮಾತು ಕೊಡುವಾಗ ಮಾತ್ರ ಅದು ನೆನಪಾಗಲಿಲ್ಲ. ಅದು ಹೋಗುವುದು ಫೈಲಿನ ನಂಬರಿಗೆ, ಸಹಿ ಹಾಕಿದವರ ನಂಬರಿಗೆ. ಮಗಳದ್ದು ಪೆನ್ಸಿಲಿನಲ್ಲಿ ನನ್ನ ರಿಜಿಸ್ಟರಿನಲ್ಲೇ ಉಳಿದಿತ್ತು.

"ಇನ್ನೂ ಸ್ವಲ್ಪ ದಿನ ಜೊತೇಲಿ ಯಾರಾದ್ರೂ ಇರ್ಬೇಕಾಗುತ್ತೆ" ಎಂದೆ. ನನ್ನ ದನಿ ನನಗೇ ನಂಬುವಂತಿರಲಿಲ್ಲ.

"ಮೆಸೇಜಲ್ಲಿ ಹಂಗೇನ್ ಇಲ್ವಲ್ಲ ಮೇಡಂ" ಎಂದರು, ಅದೇ ಮೆತ್ತಗಿನ ದನಿಯಲ್ಲಿ. "ಅವ್ರಣ್ಣ ಅತ್ತಿಗೆ ಇದಾರಲ್ಲ, ನೋಡ್ಕಂತಾರೆ. ಇಲ್ಲಿ ಮನೆ ಒಂದು ವರ್ಷದಿಂದ ಬಿಕೋ ಅಂತೈತೆ."

ಡಾಕ್ಟರ ಹತ್ತಿರ ಓಡಿ, ಜೊತೆಗೊಬ್ಬರು ಇರಬೇಕು ಎಂದು ಒಂದು ಚೀಟಿ ಬರೆದುಕೊಡಿ ಎಂದೆ. ಆ ಹುಡುಗ ಪಾಪ ಕೆಟ್ಟವನಲ್ಲ. "ಇಂಥ ಎಕೋ ಇಟ್ಕೊಂಡು ಹೆಂಗ್ ಬರೀಲಿ ಸಿಸ್ಟರ್? ಹೋದ ವಾರ ಬೆಂಗಳೂರಿನ ಮೀಟಿಂಗ್‌ನಲ್ಲಿ ಇದನ್ನೇ ಒಳ್ಳೆ ರಿಸಲ್ಟ್ ಅಂತ ತೋರ್ಸಿದಾರೆ" ಎಂದರು. ಮಗಳಿಗೆ ಫೋನ್ ಮಾಡಿದೆ. ಆಗಲೇ ಗಂಡನ ಮನೆಯಿಂದ ಅಣ್ಣನಿಗೆ ಸುದ್ದಿ ಮುಟ್ಟಿತ್ತು.

"ಅಮ್ಮ ನನ್ ಹತ್ರಾನೂ ಹೇಳ್ಲಿಲ್ಲ ಮೇಡಂ" ಎಂದಳು. "ಅವ್ಳು ಹುಷಾರಾದ್ಲಲ್ಲ, ಅಷ್ಟು ಸಾಕು ಬಿಡಿ. ಬಟ್ಟೆ ಜೋಡಿಸ್ಕೋತಿದೀನಿ. ಮಾತ್ರೆ ಬುಕ್ಕು ಅತ್ತಿಗೆ ಕೈಗೆ ಕೊಟ್ಟು ಹೋಗ್ತೀನಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಕಡಬಕ್ಕೆ ಹೋಗಲು ನನಗೆ ಒಂದು ತಿಂಗಳು ಬೇಕಾಯಿತು. ಮಂಡಿ ನೋವು ಎಂದು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಒಂದು ಭಾನುವಾರ ಹೊರಟೆ. ಮಗ ಸೊಸೆ ಯಾವುದೋ ಮದುವೆಗೆ ಹೋಗಿದ್ದರು. ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬೈಯಲಿ ಎಂದೇ ಹೋಗಿದ್ದೆ. ಬೈಯಲಿಲ್ಲ. ಬಾರವ್ವ ಎಂದು ಒಳಗಿಂದ ಮಜ್ಜಿಗೆ ತಂದುಕೊಟ್ಟರು.

"ನನ್ನಿಂದ ತಪ್ಪಾಯ್ತು ಅಜ್ಜಿ. ಮೆಸೇಜ್ ಹೋಗುತ್ತೆ ಅನ್ನೋದೇ ಮರ್ತಿದ್ದೆ" ಎಂದೆ.

"ನೀನೇನ್ ಸುಳ್ ಬರ್ದಿಲ್ವಲ್ಲ ಬುಡು" ಎಂದರು. ಅದು ಕ್ಷಮೆಯೋ ಬೈಗುಳವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಭ್ಯಾಸಬಲ, ಮಾತ್ರೆ ಎಲ್ಲಿ ಎಂದು ಕೇಳಿದೆ. ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟರು. ಮುಚ್ಚಳ ತೆಗೆದರೆ ಗುಳಿಗೆಯ ಹಾಳೆಗಳು ಒಂದೂ ಒಡೆಯದೆ ಹಾಗೇ ಇದ್ದವು. ನೋಟ್‌ಬುಕ್ಕು ಅದರ ಕೆಳಗಿತ್ತು. ಸೊಸೆ ಕೇಳಿದಾಗೆಲ್ಲ ತಗಂಡೆ ಎನ್ನುತ್ತಿದ್ದರಂತೆ.

"ಅವ್ಳು ಹೋದ್ ದಿನದಿಂದ ಬಿಟ್ಟೀನಿ. ಮತ್ತೆ ಉಸ್ರು ಕಟ್ಲಿ ಅಂತ. ಈ ಸಲ ದಿಟವಾಗ್ಲೂ ಕಟ್ಲಿ ಅಂತ. ಏನೂ ಆಗ್ತಿಲ್ಲ ಕಣವ್ವ. ಬಾಳ ಗಟ್ಟಿ ಹಾಕವ್ರೆ."

ಇದು ಉಸಿರಿನ ಮಾತ್ರೆಯಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟದ್ದು ಎಂದೆ. ಬಿಟ್ಟರೆ ಹೊಸ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಅದು ಕಿತ್ತು ತಲೆಗೆ ಹೋದರೆ ಸ್ಟ್ರೋಕ್ ಹೊಡೆಯುತ್ತದೆ, ಸಾಯುವುದೂ ಇಲ್ಲ, ಒಂದು ಕಡೆಯ ಕೈಕಾಲು ಬಿದ್ದುಹೋಗಿ ಮಂಚ ಹಿಡಿಯುತ್ತೀರಿ ಎಂದು ಹೆದರಿಸಿದೆ.

ಅಜ್ಜಿ ಅವರೆಕಾಯಿ ಕೆಳಗಿಟ್ಟರು. ಅವರ ಮುಖದಲ್ಲಿ ಹೆದರಿಕೆ ಬರಲಿಲ್ಲ.

"ಹಂಗಾದ್ರೆ ಅವ್ನು ಕಳಿಸ್ತಾನಲ್ವಾ ಅವ್ಳನ್ನ?"

ಮೂವತ್ತು ವರ್ಷದಲ್ಲಿ ನೂರಾರು ಜನಕ್ಕೆ ಮಾತ್ರೆ ನುಂಗಿಸಿದ್ದೇನೆ. ಪ್ರೀತಿಯಿಂದ, ಗದರಿ, ದೇವರ ಆಣೆ ಹಾಕಿ. ಆ ಹೊತ್ತಿನಲ್ಲಿ ಇದ್ಯಾವುದೂ ನಡೆಯದು ಎಂದು ಗೊತ್ತಾಯಿತು. ಈ ಹೆಂಗಸಿಗೆ ತನ್ನ ಜೀವ ತೋರಿಸಿ ಏನನ್ನೂ ಕೇಳುವ ಹಾಗಿರಲಿಲ್ಲ.

"ಕಳಿಸ್ತಾನೆ" ಎಂದೆ. "ಅವ್ರು ಬರ್ತಾರೆ. ಬಂದು ನಿಮ್ಮ ಮಂಚದ ಪಕ್ಕ ಕೂರ್ತಾರೆ. ಆದ್ರೆ ಸ್ಟ್ರೋಕ್ ಆದೋರಲ್ಲಿ ಎಷ್ಟೋ ಜನಕ್ಕೆ ಮಾತೇ ಹೋಗ್ಬಿಡುತ್ತೆ ಅಜ್ಜಿ. ಎಲ್ಲಾ ಗೊತ್ತಾಗುತ್ತೆ, ಬಾಯಿ ಮಾತ್ರ ತಿರುಗಲ್ಲ. ಅಲ್ಲಿ ಅವ್ರ ಗಂಡ ಮಾತಾಡಲ್ಲ. ಇಲ್ಲಿ ನೀವೂ ಮಾತಾಡಲ್ಲ."

ಇಷ್ಟು ಕ್ರೂರವಾದ ಮಾತನ್ನು ನಾನು ಯಾವ ರೋಗಿಗೂ ಹೇಳಿದವಳಲ್ಲ. ಹೇಳಿದ ಮೇಲೆ ಅವರ ಮುಖ ನೋಡಲಾಗದೆ ಡಬ್ಬಿಯೊಳಗಿನ ಹಾಳೆಯೊಂದನ್ನು ಎತ್ತಿ ಸುಮ್ಮನೆ ಹಿಡಿದುಕೊಂಡೆ. ಹಿಂದಿನ ಬೀದಿಯಲ್ಲಿ ಯಾರೋ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಲು ನೋಡುತ್ತಿದ್ದರು, ಅದು ಮತ್ತೆ ಮತ್ತೆ ಆರುತ್ತಿತ್ತು. ಅಜ್ಜಿ ಮಡಿಲಿನ ಸಿಪ್ಪೆ ಕೊಡವಿ, ನನ್ನ ಮುಂದೆ ಅಂಗೈ ಚಾಚಿದರು. ನಾನು ಗುಳಿಗೆ ಒಡೆದು ಇಟ್ಟೆ. ನೀರು ಕೇಳಲಿಲ್ಲ, ಹಾಗೇ ನುಂಗಿದರು.